ಹತ್ತು ಪದ, ಹನ್ನೆರಡು ಮಷೀನು

ಸೆಕೆಂಡಿಗೆ ಒಂದು ಪದ. ದನಿ ಏರಬಾರದು, ಇಳಿಯಬಾರದು, ಯಾವ ಪದದ ಮೇಲೂ ಒತ್ತು ಬೀಳಬಾರದು, ಕೇಳುವವರ ಮುಖ ನೋಡಿ ನಗಬಾರದು. ಕೊಡ, ನವಿಲು, ಬೀಗ, ತೋಟ, ಹಾಲು, ಸೇತುವೆ, ಕಂಬಳಿ, ಗಂಟೆ, ಮೀನು, ಏಣಿ. ಹೀಗೆ ಮೂರು ಸಲ ಓದಬೇಕು. ಪ್ರತಿ ಸಲ ಓದಿದ ಮೇಲೂ ನೆನಪಿದ್ದಷ್ಟನ್ನು ಅವರಿಂದ ಹೇಳಿಸಬೇಕು. ಆಮೇಲೆ ಇಪ್ಪತ್ತು ನಿಮಿಷ ಬೇರೆ ಮಾತಾಡಿ, ಬಿಪಿ ನೋಡಿ, ತೂಕ ನೋಡಿ, ಅವರು ಮರೆತೇ ಬಿಟ್ಟಿರುವ ಹೊತ್ತಿಗೆ ಕೇಳಬೇಕು: "ಆಗ ಓದಿದ್ನೆಲ್ರಿ, ಅದ್ರಾಗ ಯಾವ್ಯಾವು ನೆನಪದಾವ?"

ಒಂದೂವರೆ ವರ್ಷ ನಾನು ಮಾಡಿದ ಕೆಲಸ ಹೆಚ್ಚುಕಡಿಮೆ ಇಷ್ಟೇ. ದಿನವಿಡೀ ಕೂತೇ ಇರುವವರ ರೂಢಿಗಳು, ಅಂದರೆ ಅವರ ನಿದ್ದೆ, ಚಹಾ, ಗುಟ್ಕಾ, ನಡಿಗೆ, ಮಾತುಕತೆ ಎಲ್ಲ ಅವರ ನೆನಪಿನ ಮೇಲೆ ಏನು ಮಾಡುತ್ತವೆ ಎಂದು ತಿಳಿಯುವ ಅಧ್ಯಯನವೊಂದಕ್ಕೆ ಮನೆಮನೆ ತಿರುಗಿ ಮಾಹಿತಿ ತರುವವಳು ನಾನು. ನಲವತ್ತೈದು ದಾಟಿದವರನ್ನು ಮೂರು ಕಡೆ ಆರಿಸಿದ್ದೆವು: ಸಿರುಗುಪ್ಪದ ಅಕ್ಕಿ ಗಿರಣಿಗಳ ಗುಮಾಸ್ತರು, ಕುರುಗೋಡಿನ ಅಂಗಡಿಯವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಹತ್ತಿರ ಹೋಗಬೇಕು. ಹೆಜ್ಜೆ ಎಣಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಏಳು ದಿನ ಅವರ ಸೊಂಟಕ್ಕೆ ಸಿಕ್ಕಿಸಿ ಬರಬೇಕು. ಅಧ್ಯಯನದ ಮುಖ್ಯಸ್ಥೆ ನರರೋಗದ ವೈದ್ಯೆ. ಅವರು ಹಾಕಿದ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿತ್ತು. ಯಾರ ಅಂಕ ತೀರ ಕಡಿಮೆ ಬರುತ್ತದೋ ಅವರನ್ನು ಆಸ್ಪತ್ರೆಗೆ ಕರೆಸಿ ಪುಕ್ಕಟೆ ತಪಾಸಣೆ ಮಾಡಿಸಬೇಕು. ಅಂಕ ಚೆನ್ನಾಗಿ ಬಂದವರಿಗೆ ನಮಸ್ಕಾರ ಹೇಳಿ ಎದ್ದು ಬಂದರೆ ಆಯಿತು.

ಫಾರಂನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ "ದೈಹಿಕ ಚಟುವಟಿಕೆ ಇಲ್ಲದವರು" ಎಂದು ಅಚ್ಚಾಗಿತ್ತು. ದಿನಕ್ಕೆ ಹನ್ನೆರಡು ತಾಸು ಹೊಲಿಯುವವರ ಮುಂದೆ ಅದನ್ನು ಹಿಡಿಯಲು ನಾಚಿಕೆಯಾಗುತ್ತಿತ್ತು. ಹೆಬ್ಬೆರಳಿನಿಂದ ಆ ಸಾಲು ಮುಚ್ಚಿಕೊಂಡು ಸಹಿ ಹಾಕಿಸಿಕೊಳ್ಳುವುದನ್ನು ಬೇಗ ಕಲಿತೆ.

ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ನನಗೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲದ ಒಂದು ಮಂಪರು ಹಿಡಿಯುತ್ತಿತ್ತು. ಮೋಕ ದಾಟಿದ ಮೇಲೆ ಕಾಲುವೆ ನೀರು ರಸ್ತೆಯ ಜೊತೆಗೇ ಸ್ವಲ್ಪ ದೂರ ಬಂದು, ತನಗೇನೋ ಬೇರೆ ಕೆಲಸವಿದೆ ಎಂಬಂತೆ ಗದ್ದೆಗಳೊಳಗೆ ಹೊರಳಿಕೊಳ್ಳುತ್ತಿತ್ತು. ಭತ್ತದ ಹಸಿರಿನ ಮೇಲೆ ಬಿಳಿ ಕೊಕ್ಕರೆಗಳು. ಬಸ್ಸಿನ ಕುಲುಕಾಟಕ್ಕೆ ಸರಿಯಾಗಿ ನನ್ನೊಳಗೆ ಯಾರೋ ಓದುತ್ತಿರುತ್ತಿದ್ದರು: ಕೊಡ, ನವಿಲು, ಬೀಗ, ತೋಟ. ಕೆಲವು ದಿನ ಆ ತೋಟದಲ್ಲಿ ನವಿಲು ನಿಂತಿರುತ್ತಿತ್ತು, ಸೇತುವೆಯ ಮೇಲೆ ಯಾರೋ ಕಂಬಳಿ ಹೊದ್ದು ಹೋಗುತ್ತಿದ್ದರು. ಕಂಡಕ್ಟರ್ ಹೆಗಲು ತಟ್ಟಿ "ಇಳೀರಿ ಮೇಡಂ, ಸಿರುಗುಪ್ಪ" ಅನ್ನುವವರೆಗೂ ನಾನು ಆ ಊರಿನಲ್ಲೇ ಇರುತ್ತಿದ್ದೆ.

ಗಿರಣಿಗಳ ಗುಮಾಸ್ತರಿಗೆ ಇಪ್ಪತ್ತು ನಿಮಿಷದ ಮೇಲೆ ನಾಲ್ಕೈದು ಪದ ನೆನಪಿಗೆ ಬಂದರೆ ಹೆಚ್ಚು. ಕುರುಗೋಡಿನ ಒಬ್ಬ ಅಂಗಡಿಯವರಂತೂ ಆ ಇಪ್ಪತ್ತು ನಿಮಿಷದಲ್ಲಿ ಕೂತಲ್ಲೇ ನಿದ್ದೆ ಹೋದರು. ಎಬ್ಬಿಸಿ ಕೇಳಿದರೆ "ಹಾಲು" ಎಂದರು. ಇನ್ನೇನಾದರೂ ನೆನಪಿದೆಯೇ ಎಂದರೆ, "ಹಾಲು ಅಂದ್ನೆಲ್ರಿ" ಎಂದು ನನ್ನ ಮೇಲೇ ಬೇಸರ ಮಾಡಿಕೊಂಡರು.

ಬಳ್ಳಾರಿಯ ಹೊಲಿಗೆ ಹಾಲ್ ಬೇರೆಯೇ ಇತ್ತು. ಮೊದಲನೆ ಮಹಡಿ, ತಗಡಿನ ಮಾಡು, ಎದುರುಬದುರು ಎರಡು ಸಾಲಿನಲ್ಲಿ ಹನ್ನೆರಡು ಮಷೀನು. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಜೀನ್ಸಿನ ನೀಲಿ ಧೂಳು ಯಾವಾಗಲೂ ತೇಲುತ್ತಿರುತ್ತಿತ್ತು. ಅಲ್ಲಿನವರ ರೆಪ್ಪೆಗಳೂ ನೀಲಿ. ಮೊದಲ ದಿನ ಓನರ್ ತಾವೇ ಮುಂದೆ ನಿಂತು ಪರಿಚಯ ಮಾಡಿಕೊಟ್ಟರು. "ನಿಮ್ ತಲಿ ಎಷ್ಟು ನೆಟ್ಟಗದಾವ ಅಂತ ನೋಡಾಕ ಬಂದಾರ ಮೇಡಂ. ಕೆಟ್ಟಿದ್ರ ನನಗೂ ಹೇಳ್ತಾರ" ಎಂದು ನಕ್ಕರು. ತಮಾಷೆ ಎಂದುಕೊಂಡು ನಾನೂ ನಕ್ಕೆ. ಯಾರ ಅಂಕವನ್ನೂ ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ಫಾರಂನಲ್ಲಿ ಅಚ್ಚಾಗಿದೆಯಲ್ಲ ಎಂದು ಸುಮ್ಮನಾದೆ.

ಪರೀಕ್ಷೆಗೆ ಒಬ್ಬರನ್ನೇ ಪ್ರತ್ಯೇಕ ಕೋಣೆಗೆ ಕರೆದೊಯ್ಯಬೇಕು ಎಂಬುದು ನಿಯಮ. ಅಲ್ಲಿ ಇದ್ದದ್ದು ಒಂದೇ ಹಾಲ್, ಒಂದು ಮೆಟ್ಟಿಲು. ಮೂಲೆಯಲ್ಲಿ ಬಂಡಲ್‌ಗಳ ಪಕ್ಕ ಎರಡು ಸ್ಟೂಲ್ ಹಾಕಿಸಿಕೊಂಡೆ. ಮಷೀನುಗಳ ಗದ್ದಲದಲ್ಲಿ ಓದುವುದು ಹೇಗೆ ಎಂದು ಯೋಚಿಸುತ್ತ ಫಾರಂ ಬಿಚ್ಚಿ ಗಂಟಲು ಸರಿಮಾಡಿಕೊಂಡದ್ದೇ ತಡ, ಹತ್ತಿರದ ಮಷೀನು ನಿಂತಿತು. ಅದರ ಪಕ್ಕದ್ದು ನಿಂತಿತು. ನೋಡುತ್ತಿದ್ದಂತೆ ಎದುರು ಸಾಲೂ ನಿಂತಿತು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ನಾನು ಓದುವುದಕ್ಕೆ ತೊಂದರೆಯಾಗಬಾರದೆಂದು ಹನ್ನೊಂದು ಜನ ಪೆಡಲ್‌ನಿಂದ ಕಾಲು ತೆಗೆದು, ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಒಂದೊಂದು ಪ್ಯಾಂಟಿನ ಲೆಕ್ಕದಲ್ಲಿ ಕೂಲಿ ಪಡೆಯುವವರು ಅವರು. ನನಗೋಸ್ಕರ ಅಷ್ಟು ಹೊತ್ತು ಸುಮ್ಮನೆ ಕೂತದ್ದು ನೋಡಿ ಕಣ್ಣು ತುಂಬಿ ಬಂತು. ಆ ನಿಶ್ಶಬ್ದದಲ್ಲಿ, ತೇಲುವ ನೀಲಿ ಧೂಳಿನ ನಡುವೆ ನನ್ನ ಹತ್ತು ಪದಗಳು ಎಷ್ಟು ಚಂದವಾಗಿ ಬಂದವೆಂದರೆ, ಅವನ್ನು ಹಿಂದೆಂದೂ ನಾನು ಸರಿಯಾಗಿ ಓದಿರಲೇ ಇಲ್ಲ ಅನಿಸಿತು. "ಜಾಗ ನಿಶ್ಶಬ್ದವಾಗಿತ್ತೇ?" ಎಂಬ ಪ್ರಶ್ನೆಯ ಮುಂದೆ "ಹೌದು" ಎಂದು ಗುರುತು ಹಾಕಿದೆ.

ಹನ್ನೆರಡೂ ಜನರ ಪರೀಕ್ಷೆಗೆ ಮೂರು ದಿನ ಹಿಡಿಯಿತು. ಪ್ರತಿ ಸಲವೂ ಮಷೀನುಗಳು ನಿಂತವು, ಪ್ರತಿ ಸಲವೂ ನಾನು ಓದಿದೆ. ಅಂಕಗಳು ಏರುತ್ತ ಹೋದವು. ಏಳು, ಎಂಟು, ಒಂಬತ್ತು. ಕೊನೆಯವರು ಸೊಂಟದ ಪಟ್ಟಿ ಹೊಲಿಯುವ ಹಿರಿಯ ದರ್ಜಿ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಇಪ್ಪತ್ತು ನಿಮಿಷದ ನಂತರ ಹತ್ತಕ್ಕೆ ಹತ್ತೂ ಹೇಳಿದರು, ನಾನು ಓದಿದ ಕ್ರಮದಲ್ಲೇ. ಫಾರಂನ ಅಂಚಿನಲ್ಲಿ "ಅತ್ಯುತ್ತಮ" ಎಂದು ಬರೆದೆ. ನಿದ್ದೆ ಹೇಗೆ ಎಂದರೆ "ಚಲೋ ಬರ್ತೈತಿ ಅಮ್ಮಾ", ಮಾತ್ರೆ ಏನಾದರೂ ತಗೊಳ್ಳುತ್ತೀರಾ ಎಂದರೆ "ಬಿಪಿದೊಂದು". ಬರೆದುಕೊಂಡೆ.

ಏಳು ದಿನದ ಮೇಲೆ ಅವರ ಹೆಜ್ಜೆಯಂತ್ರ ವಾಪಸು ತಂದು ನೋಡಿದರೆ, ಎಲ್ಲರಿಗಿಂತ ಕಡಿಮೆ ಹೆಜ್ಜೆ. ಮನುಷ್ಯ ಮಷೀನಿನಿಂದ ಬಚ್ಚಲಿಗೆ, ಆಟೋದಿಂದ ಮನೆ ಬಾಗಿಲಿಗೆ ಬಿಟ್ಟರೆ ಮತ್ತೆಲ್ಲೂ ಕಾಲಿಟ್ಟೇ ಇಲ್ಲ ಅನ್ನುವಷ್ಟು. ಇಷ್ಟು ಚುರುಕು ನೆನಪಿನವರು ಇಷ್ಟು ನಡೆಯದೇ ಇರಲು ಸಾಧ್ಯವಿಲ್ಲ, ಯಂತ್ರವೇ ಕೆಟ್ಟಿರಬೇಕು ಎಂದುಕೊಂಡೆ. ಬ್ಯಾಟರಿ ಬದಲಿಸಿ, "ದೋಷಪೂರಿತ" ಎಂಬ ಚೀಟಿ ಅಂಟಿಸಿ ಬದಿಗಿಟ್ಟೆ. ಆ ಹಾಲ್‌ನಲ್ಲಿ ನಿಜ ಹೇಳಿದ್ದು ಅದೊಂದೇ ಎಂದು ಆಗ ನನಗೆ ತಿಳಿಯಲಿಲ್ಲ.

ಮುಖ್ಯಸ್ಥೆಗೆ ಈ ಅಂಕಗಳು ಬಹಳ ಇಷ್ಟವಾದವು. ಒಂಟಿಯಾಗಿ ಕೂರುವ ಗುಮಾಸ್ತರಿಗಿಂತ, ಅಂಗಡಿಯವರಿಗಿಂತ, ಎದುರುಬದುರು ಕೂತು ಮಾತಾಡುತ್ತ ಕೆಲಸ ಮಾಡುವವರ ನೆನಪು ಗಟ್ಟಿ; ಕೂರುವುದಕ್ಕಿಂತ ಒಬ್ಬರೇ ಕೂರುವುದು ಕೆಡುಕು. ಹೀಗೊಂದು ಮಾತು ನಮ್ಮ ಆಫೀಸಿನಲ್ಲಿ ಚಿಗುರಿತು. ಅದು ನಿಜವಾಗಿರಲಿ ಎಂದು ನನಗೇ ಎಲ್ಲರಿಗಿಂತ ಹೆಚ್ಚು ಆಸೆಯಿತ್ತು. ಬಸ್ಸಿನ ಮಂಪರಿನಲ್ಲಿ ಆ ಹಾಲ್ ಕಣ್ಣಿಗೆ ಕಟ್ಟುತ್ತಿತ್ತು. ನೀಲಿ ರೆಪ್ಪೆಯ ಹನ್ನೆರಡು ಜನ ಒಬ್ಬರ ನೆನಪನ್ನು ಇನ್ನೊಬ್ಬರು ಬೆಚ್ಚಗೆ ಕಾಯುತ್ತ ಕೂತಿರುವಂತೆ.

ಮೂರು ತಿಂಗಳ ಮೇಲೆ ಎರಡನೇ ಭೇಟಿ. ಈ ಸಲ ಪಟ್ಟಿ ಬೇರೆ: ದೀಪ, ಕುದುರೆ, ಬಾಗಿಲು, ಉಪ್ಪು, ನದಿ, ಚಾಪೆ, ಹುಲಿ, ಗಾಡಿ, ಕನ್ನಡಿ, ಬೆಲ್ಲ. ಪಟ್ಟಿ ಬದಲಾಗುತ್ತದೆ ಎಂದು ಅವರಿಗೆ ಹೇಳುವ ಹಾಗಿಲ್ಲ. ನಾನು ಸ್ಟೂಲ್ ಮೇಲೆ ಕೂರುತ್ತಿದ್ದಂತೆ ಚಾಚಾರ ಎದುರು ಮಷೀನಿನಲ್ಲಿ ಜಿಪ್ ಹಚ್ಚುವಾಕೆ ಎದ್ದು ಬಂದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಮಾತಿನಲ್ಲಿ ಬಲು ಗಟ್ಟಿ.

"ಮೊದ್ಲು ಚಾಚಾರ್ನ ತಗೋರಿ ಮೇಡಂ. ಅವ್ರಿಗೆ ನಮಾಜಿಗೆ ಹೋಗಾಕ ತಡ ಆಗ್ತೈತಿ."

ಚಾಚಾ ಬಂದು ಕೂತರು. ಮಷೀನುಗಳು ನಿಂತವು. ಹೊಸ ಪಟ್ಟಿಯ ಮೊದಲ ಪದ ಓದುತ್ತಿದ್ದಂತೆ ಜಿಪ್ಪಿನಾಕೆ ತಲೆ ಎತ್ತಿದ್ದು ಕಣ್ಣಂಚಿನಲ್ಲಿ ಕಂಡಿತು. ಮೂರು ಸಲ ಓದಿದೆ. ಚಾಚಾ ಮೊದಲ ಸಲ ಎರಡು ಪದ, ಕೊನೆಗೆ ನಾಲ್ಕು ಹೇಳಿದರು. ಹಿಂದಿನ ಸಲ ಹೀಗಿರಲಿಲ್ಲವಲ್ಲ ಎಂದುಕೊಂಡು ಬರೆದುಕೊಂಡೆ. ಬಿಪಿ ನೋಡಿದೆ, ದಿನಕ್ಕೆ ಎಷ್ಟು ಚಹಾ ಎಂದು ಕೇಳಿದೆ. ಇಪ್ಪತ್ತು ನಿಮಿಷ ಆಯಿತು. ಯಾವ್ಯಾವು ನೆನಪಿವೆ ಎಂದೆ.

ಅವರ ಮುಖ ಬೆಳಗಿತು. ಬೆನ್ನು ನೆಟ್ಟಗೆ ಮಾಡಿಕೊಂಡರು.

"ಕೊಡ, ನವಿಲು, ಬೀಗ, ತೋಟ, ಹಾಲು, ಸೇತುವೆ, ಕಂಬಳಿ, ಗಂಟೆ, ಮೀನು, ಏಣಿ."

ಒಂದೂ ತಪ್ಪಿಲ್ಲ. ಒಂದೂ ನಾನು ಅವತ್ತು ಓದಿದ್ದಲ್ಲ. ಚಾಚಾ ನನ್ನ ಮುಖ ನೋಡಿದರು, ಆಮೇಲೆ ಜಿಪ್ಪಿನಾಕೆಯ ಮುಖ ನೋಡಿದರು. ಆಕೆ ಕೆಳಗೆ ನೋಡುತ್ತಿದ್ದಳು. "ಎಲ್ಲಾ ಬಂದುವಲ್ಲಮ್ಮಾ?" ಎಂದು ಅವರು ನನ್ನನ್ನು ಕೇಳಿದ ದನಿಯನ್ನು ನಾನು ಬರೆಯಲಾರೆ. ಸರಿ ತಪ್ಪು ಹೇಳಬಾರದು ಎಂಬ ನಿಯಮವನ್ನು ಅವತ್ತು ಮೊದಲ ಸಲ ಮನಸಾರೆ ಹರಸಿದೆ. "ಆಯ್ತು ಚಾಚಾ, ಹೋಗಿ ಬರ್ರಿ" ಎಂದೆ.

ಜಿಪ್ಪಿನಾಕೆ ನನ್ನ ಹಿಂದೆಯೇ ಮೆಟ್ಟಿಲಿಗೆ ಬಂದಳು. ನಿಂತಲ್ಲೇ ಎಲ್ಲ ಹೇಳಿದಳು. ಹೋದ ಸಲ ಮೂರು ದಿನ ಕೇಳಿ ಕೇಳಿ ಪದಗಳು ಎಲ್ಲರಿಗೂ ಬಾಯಿಪಾಠವಾಗಿದ್ದವು, ಹೊಲಿಯುತ್ತ ಹಾಡಿನಂತೆ ಹೇಳಿಕೊಳ್ಳುತ್ತಿದ್ದರು. ಚಾಚಾರಿಗೆ ಮಾತ್ರ ಹತ್ತಲಿಲ್ಲ. ಆಕೆ ಎದುರು ಕೂತು ಒಂದೊಂದೇ ಪದ ಹೇಳಿಕೊಟ್ಟಳು. ಈ ಸಲವೂ ನಾನು ಬರುವ ಸುದ್ದಿ ಕೇಳಿ ಹದಿನೈದು ದಿನ ಮೊದಲೇ ಶುರು ಮಾಡಿದ್ದಳು.

"ಯಾಕ ಹೀಂಗ ಮಾಡಿದ್ರಿ?" ಎಂದೆ. ಸಿಟ್ಟು ಬಂದಿತ್ತು.

"ಅವ್ರಿಗೆ ಮರೆವಾಗೈತ್ರಿ, ಒಂದು ವರ್ಷ ಆತು. ಬಂಡಲ್‌ಗೆ ಸೈಜಿನ ಚೀಟಿ ಹಚ್ಚಾದು ಅವ್ರದ ಕೆಲ್ಸ. ಮೂವತ್ತೆರಡ್ರ ಬಂಡಲ್‌ಗೆ ಮೂವತ್ನಾಕ್ರದು ಹಚ್ತಾರ. ನಾವು ಹಿಂದಿಂದ ತಿದ್ದಿ ಇಡ್ತೀವಿ. ಓನರ್‌ಗೆ ಗೊತ್ತಿಲ್ಲ. ನೀವು ಬರ್ಕೊಂಡ್ರ ಗೊತ್ತಾಗತೈತಿ. ಈ ವಯಸ್ಸಿನಾಗ ಅವ್ರನ್ನ ಯಾರು ತಗೋತಾರ್ರಿ ಕೆಲ್ಸಕ್ಕ?"

"ನಾವು ಓನರ್‌ಗೆ ಹೇಳಂಗಿಲ್ಲ."

"ಅವ್ರು ಹಂಗ ಅಂದ್ರಲ್ಲ ಅವತ್ತು. ನೀವೂ ನಕ್ರಿ."

ನಾನು ಫಾರಂ ಚೀಲಕ್ಕೆ ಸೇರಿಸಲು ಹೋದೆ. "ಇದೊಂದು ಬರೀಬ್ಯಾಡ್ರಿ ಮೇಡಂ. ಹೋದ ಸಲದ್ದು ಐತೆಲ್ಲ, ಚಲೋದು, ಅದ ಇರ್ಲಿ" ಎಂದು ಕೈ ಹಿಡಿದುಕೊಂಡಳು. ಬೆರಳ ತುದಿಗಳೆಲ್ಲ ಸೂಜಿ ತಾಗಿ ಒರಟಾಗಿದ್ದವು.

ಮರುದಿನ ಸಿರುಗುಪ್ಪದ ಸರದಿ. ಬಸ್ಸಿನಲ್ಲಿ ಮಂಪರು ಬರಲಿಲ್ಲ. ಕಾಲುವೆ ಬಂತು, ಹೋಯಿತು. ಸುಮ್ಮನಿರುವುದು ಎಷ್ಟು ಸುಲಭ ಎಂದು ನೋಡಿದೆ. ಉಳಿದ ಹನ್ನೊಂದು ಜನರ ಪರೀಕ್ಷೆಯನ್ನು ಇನ್ನು ಮುಂದೆ ಮೆಟ್ಟಿಲ ಮೇಲೆ ಗುಟ್ಟಾಗಿ ಮಾಡಬಹುದು. ಚಾಚಾರ ಎರಡನೇ ಫಾರಂ ಮೇಲೆ "ಲಭ್ಯರಿರಲಿಲ್ಲ" ಎಂದು ಬರೆಯಬಹುದು. ಮುಖ್ಯಸ್ಥೆಗೆ ಇಷ್ಟವಾದ ಮಾತು ಉಳಿಯುತ್ತದೆ, ನನ್ನ ಕೆಲಸ ಉಳಿಯುತ್ತದೆ, ಚಾಚಾರ ಕೆಲಸವೂ ಉಳಿಯುತ್ತದೆ. ಎಲ್ಲರಿಗೂ ಒಳ್ಳೆಯದೇ.

ರಾರಾವಿಯಿಂದ ಬಂದು ಗಿರಣಿಯಲ್ಲಿ ಕೂರುವ ಗುಮಾಸ್ತರೊಬ್ಬರು ಅವತ್ತು ನನಗಾಗಿ ಕಾಯುತ್ತಿದ್ದರು. ಹೋದ ಸಲ ಅವರಿಗೆ ಎರಡೇ ಪದ ಬಂದಿದ್ದರಿಂದ ನಿಯಮದಂತೆ ಆಸ್ಪತ್ರೆಗೆ ಕರೆಸಿದ್ದರು. ಅವರಿಗೆ ಥೈರಾಯ್ಡ್ ತೊಂದರೆ ಇರುವುದು ಗೊತ್ತಾಗಿ ಔಷಧಿ ಶುರುವಾಗಿತ್ತು. "ನಾನು ಫೇಲ್ ಆಗಿದ್ದಕ್ಕ ಬದುಕಿದೆ ನೋಡ್ರಿ" ಎಂದು ಗಿರಣಿಯ ಸದ್ದಿನ ನಡುವೆ ನಕ್ಕರು. ನನ್ನ ಚೀಲದಲ್ಲಿ ಚಾಚಾರ ಹೋದ ಸಲದ ಫಾರಂ ಇತ್ತು. ಹತ್ತಕ್ಕೆ ಹತ್ತು, ಅತ್ಯುತ್ತಮ. ಆ ಹತ್ತು ಅಂಕ ಇರುವವರೆಗೂ ಅವರನ್ನು ಯಾವ ಡಾಕ್ಟರೂ ಕರೆಯುವುದಿಲ್ಲ. ಅವರ ಗೆಳೆಯರು ಅವರನ್ನು ಓನರ್‌ನಿಂದ ಬಚ್ಚಿಟ್ಟಿದ್ದರು. ನಾನು ಸುಮ್ಮನಿದ್ದರೆ ಡಾಕ್ಟರಿಂದಲೂ ಬಚ್ಚಿಟ್ಟಂತೆ. ಮುಂದಿನ ಗಿರಣಿಗೆ ಹೋಗಲಿಲ್ಲ, ಸಿಕ್ಕ ಬಸ್ಸಿಗೆ ಬಳ್ಳಾರಿಗೆ ವಾಪಸು ಬಂದೆ.

ಮುಖ್ಯಸ್ಥೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಸ್ಟೂಲ್, ನಿಂತ ಮಷೀನುಗಳು, ನನ್ನ ನಗು, ಕೆಟ್ಟಿದೆ ಎಂದು ಬದಿಗಿಟ್ಟ ಯಂತ್ರ. ಅವರು ಹಾಲ್‌ನ ಫಾರಂಗಳ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು.

"ಎಷ್ಟು ಫಾರಂ ಹೋದ ಹಾಗಾಯ್ತು?"

"ಹಾಲ್‌ನವು ಎಲ್ಲ."

"ನಿಶ್ಶಬ್ದವಾಗಿತ್ತು ಅಂತ ನೀವೇ ಗುರುತು ಹಾಕಿದ್ದೀರಿ."

"ನಿಶ್ಶಬ್ದವಾಗೇ ಇತ್ತು ಮೇಡಂ."

ಅವರಿಗೆ ನಗು ಬಂತು. ನನಗೆ ಅಳು ಬಂತು. ಬೈಯುವುದನ್ನೆಲ್ಲ ಬೈದರು, ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಹಾಲ್‌ನ ಫಾರಂಗಳ ಮೇಲೆ ಒಂದೊಂದಾಗಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಸಹಿ ಹಾಕಿದೆ. ನೀಲಿ ಧೂಳಿನ ಆ ಸುಂದರ ಸಿದ್ಧಾಂತವೂ ಅವುಗಳ ಜೊತೆ ಹೋಯಿತು. ಕೊನೆಗೆ ಅವರು, "ಆ ದರ್ಜಿಯನ್ನು ಆದಷ್ಟು ಬೇಗ ಕರೆತನ್ನಿ" ಎಂದರು.

ಚಾಚಾರ ಮನೆಗೆ ಶುಕ್ರವಾರ ಮಧ್ಯಾಹ್ನ ಹೋದೆ. ಜಿಪ್ಪಿನಾಕೆಯನ್ನೂ ಕರೆದುಕೊಂಡೇ ಹೋದೆ. ಆಕೆ ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡಿದ್ದಳು. ನಾನು ಔಷಧಿಗಳ ಬಗ್ಗೆ ಮತ್ತೆ ಕೇಳಿದಾಗ ಚಾಚಾ ಅದೇ ಉತ್ತರ ಕೊಟ್ಟರು: "ಬಿಪಿದೊಂದು." ಅವರ ಹೆಂಡತಿ ಒಳಗೆ ಹೋಗಿ ಒಂದು ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಅದರ ತುಂಬ ಒಂದೇ ಥರದ ಖಾಲಿ ಸ್ಟ್ರಿಪ್‌ಗಳು. ನಿದ್ದೆ ಮಾತ್ರೆ.

"ಎರಡು ವರ್ಷ ಆತಮ್ಮಾ. ಮೆಡಿಕಲ್ ಶಾಪಿನ್ಯಾಗ ಕೇಳಿದ್ರ ಕೊಡ್ತಾರ. ಮೊದ್ಲು ಅರ್ಧ ತಗೊಂತಿದ್ರು, ಈಗ ಎರಡು. ತಗೊಂಡಿದ್ದು ಮರ್ತು ಮತ್ತೊಂದು ತಗೊಂಡಿದ್ದೂ ಐತಿ."

ದಿನವಿಡೀ ಕೂತು ಹೊಲಿದರೆ ಮೈ ದಣಿಯುವುದಿಲ್ಲ, ಕಣ್ಣು ದಣಿಯುತ್ತದೆ, ನಿದ್ದೆ ಬರುವುದಿಲ್ಲ. ನಿದ್ದೆಗೆ ಮಾತ್ರೆ. ಬೆಳಗಿನ ಜಡತನಕ್ಕೆ ಚಹಾ, ಒಂದರ ಮೇಲೊಂದು. ಚಹಾದಿಂದ ಮತ್ತೆ ನಿದ್ದೆಯಿಲ್ಲ. ಮೊದಲು ಊಟಕ್ಕೆ ಮನೆಗೆ ನಡೆದು ಬರುತ್ತಿದ್ದರಂತೆ, ಕಾಲು ನೋವೆಂದು ಅದನ್ನೂ ಬಿಟ್ಟು ಬುತ್ತಿ ಕಟ್ಟಿಸಿಕೊಳ್ಳತೊಡಗಿದ್ದರು. ಇವೆಲ್ಲಕ್ಕೂ ನನ್ನ ಫಾರಂನಲ್ಲಿ ಖಾನೆಗಳಿದ್ದವು. ಎಲ್ಲ ಖಾನೆಗಳನ್ನೂ ನಾನು ತುಂಬಿದ್ದೆ, ತಪ್ಪಾಗಿ.

"ಆಸ್ಪತ್ರೆಗೆ ಬರ್ರಿ ಚಾಚಾ" ಎಂದೆ.

"ನನಗೇನಾಗೈತಿ? ಹತ್ತಕ್ಕ ಹತ್ತೂ ಹೇಳೀನಲ್ಲ."

ನಾನು ಬಾಯಿ ಬಿಡುವ ಮೊದಲೇ ಜಿಪ್ಪಿನಾಕೆ ಹೇಳಿದಳು. "ಇಲ್ಲ ಚಾಚಾ. ಮೇಡಂ ಅವತ್ತು ಬ್ಯಾರೇವು ಓದಿದ್ರು. ನೀವು ನಾ ಕಲಿಸಿದ್ದು ಹೇಳಿದ್ರಿ. ಚೀಟಿನೂ ನಾವ ತಿದ್ತೀವಿ, ಒಂದು ವರ್ಷ ಆತು. ತಪ್ಪಾತು ನಂದು." ಅವಳು ಅತ್ತಳು. ಚಾಚಾ ಆ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು. ಆಸ್ಪತ್ರೆಗೆ ಸೋಮವಾರ ಹೋಗುವುದು ಎಂದು ಹೇಳಿ ಅವರನ್ನು ಮತ್ತೆ ಕೂರಿಸಬೇಕಾಯಿತು.

ಮುಖ್ಯಸ್ಥೆ ಮಾತ್ರೆಯನ್ನು ಒಮ್ಮೆಗೇ ಬಿಡಿಸಲಿಲ್ಲ. ವಾರವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದರು. ಮಧ್ಯಾಹ್ನದ ಊಟಕ್ಕೆ ಮೊದಲಿನಂತೆ ನಡೆದೇ ಹೋಗಬೇಕು, ಸಂಜೆಯ ಮೇಲೆ ಚಹಾ ಇಲ್ಲ ಎಂದರು. "ಮರೆವೆಲ್ಲ ಮಾತ್ರೆಯದೇ ಅಂತ ನಾನು ಹೇಳಲಾರೆ. ಕಾದು ನೋಡಬೇಕು" ಎಂದೂ ಹೇಳಿದರು. ಅದನ್ನು ಚಾಚಾರಿಗೂ ಮುಚ್ಚಿಡಲಿಲ್ಲ.

ಮೂರನೇ ಭೇಟಿಗೆ ಹೋದಾಗ ನಾನು ಮೊದಲು ಮಾಡಿದ ಕೆಲಸ, ಎಲ್ಲರ ಮುಂದೆ ನಿಂತು ಓನರ್‌ಗೆ ಯಾರ ಅಂಕವನ್ನೂ ಹೇಳುವುದಿಲ್ಲ ಎಂದದ್ದು. ಓನರ್ ಅಲ್ಲೇ ಇದ್ದರು. "ಅದೆಲ್ಲಾ ಮುಗೀತು ಬಿಡ್ರಿ ಮೇಡಂ. ಚಾಚಾ ತಾವ ಬಂದು ಹೇಳಿದ್ರು" ಎಂದರು, ಕೊಂಚ ಮುನಿಸಿನಲ್ಲೇ. ಸೈಜಿನ ಚೀಟಿ ಈಗ ಜಿಪ್ಪಿನಾಕೆಯ ಕೆಲಸ. ಚಾಚಾ ಸೊಂಟದ ಪಟ್ಟಿ ಮಾತ್ರ ಹೊಲಿಯುತ್ತಿದ್ದರು. ಮೂವತ್ತು ವರ್ಷ ಹೊಲಿದ ಕೈ ಅದನ್ನು ಮರೆತಿರಲಿಲ್ಲ.

ಈ ಸಲ ಒಬ್ಬೊಬ್ಬರನ್ನೇ ಪಕ್ಕದ ಕಟ್ಟಡದ ತಾರಸಿಗೆ, ನೀರಿನ ಟ್ಯಾಂಕಿನ ನೆರಳಿಗೆ ಕರೆದೊಯ್ದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪಟ್ಟಿ. ಕೆಳಗೆ ಮಷೀನುಗಳು ನಿಲ್ಲದೆ ಓಡುತ್ತಿದ್ದವು, ದೂರದ ಮಳೆಯಂತೆ ಆ ಸದ್ದು ಮೇಲೆ ಬರುತ್ತಿತ್ತು. ಚಾಚಾ ಮೆಟ್ಟಿಲು ಹತ್ತಿ ಬಂದು, ಏದುಸಿರು ಇಳಿಯುವವರೆಗೆ ಬಳ್ಳಾರಿ ಗುಡ್ಡದ ಕಡೆ ನೋಡುತ್ತ ಕೂತರು. ಮೂರು ಸಲ ಓದಿದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಕೇಳಿದೆ.

ಒಂದು ಬಂತು. ಮತ್ತೊಂದು ಬಂತು. ಕಣ್ಣು ಮುಚ್ಚಿದರು, ತುಟಿ ಅಲುಗಿತು, ಇನ್ನೆರಡು ಬಂದವು. ಬಹಳ ಹೊತ್ತಿನ ಮೇಲೆ ಐದನೆಯದು. ನಾನು ಕಾದೆ. ಅವರು ಕಣ್ಣು ತೆರೆದು, ಕೈ ಚೆಲ್ಲಿದರು.

"ಐದು" ಎಂದರು.

ಸರಿಯೋ ತಪ್ಪೋ ನಾನು ಹೇಳುವ ಹಾಗಿರಲಿಲ್ಲ. ಅವರು ಕೇಳಲೂ ಇಲ್ಲ.

"ಇನ್ನೂ ಐದಿದ್ವು, ಬರ್ವಲ್ವು. ಮೊದ್ಲು ಹಂಗಲ್ಲಮ್ಮಾ. ಹೋಗ್ಯಾವ ಅಂತಾನೂ ಗೊತ್ತಾಗ್ತಿದ್ದಿಲ್ಲ ನನಗ. ಈಗ ಗೊತ್ತಾಗತೈತಿ."

ನಾನು ಖಾನೆಯಲ್ಲಿ ಐದು ಎಂದು ಬರೆದೆ. ಚಾಚಾ ಬಗ್ಗಿ ನೋಡಿ, ಅದರ ಕೆಳಗೆ ತಮ್ಮ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಬರೆದು ಕೊಟ್ಟರು.